ಸ್ಪೋರ್ಟ್ಸ್ ಕಾರಿನ ಬ್ರೇಕ್ ಕೀಂಯ್ ಅಂತಿದೆ, ಡಿಸ್ಕು ಪ್ಯಾಡು ಎಲ್ಲಾ ಬದಲಿಸ್ಲೇಬೇಕಾ?

ನೀವು ಕೇಳಿರೋದು ಇಷ್ಟು: ಸೆಕೆಂಡ್ ಹ್ಯಾಂಡಲ್ಲಿ ತಗೊಂಡ 2010ರ ಪೋರ್ಷೆ ಬಾಕ್ಸ್‌ಸ್ಟರ್, ಮನೆ ತೀರ್ಥಹಳ್ಳಿ ಹತ್ರ, ಮಳೆಗಾಲ ಪೂರ್ತಿ ಶೆಡ್ಡಲ್ಲೇ ನಿಂತಿತ್ತು, ಈಗ ಹೊರಗೆ ತೆಗೆದ್ರೆ ನಿಧಾನಕ್ಕೆ ನಿಲ್ಲಿಸುವಾಗೆಲ್ಲ ಕೀಂಯ್ ಅಂತ ಕಿರುಚುತ್ತೆ, ಒಂದು ಕಡೆ ತೋರಿಸಿದ್ದಕ್ಕೆ ನಾಲ್ಕೂ ಚಕ್ರದ ಡಿಸ್ಕು (ಚಕ್ರದ ಜೊತೆ ತಿರುಗೋ ತಟ್ಟೆ), ಪ್ಯಾಡು (ಅದನ್ನ ಒತ್ತಿ ಹಿಡಿಯೋ ಪಟ್ಟಿ) ಬದಲಿಸ್ಬೇಕು ಅಂದ್ರಂತೆ.

ಮಾರಾಯ್ರೆ, ಅಷ್ಟು ದುಡ್ಡು ಈಗ್ಲೇ ಸುರೀಬೇಡಿ. ನಾನು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಲ್ಲಿ ಹತ್ತೊಂಬತ್ತು ವರ್ಷದಿಂದ ಬ್ರೇಕ್ ಕೆಲಸಾನೇ ಜಾಸ್ತಿ ಮಾಡ್ಕೊಂಡು ಬಂದವ್ನು, ಸ್ಪೋರ್ಟ್ಸ್ ಕಾರು ನಮ್ಮ ಕಡೆ ಬೆರಳೆಣಿಕೆ, ಆದ್ರೂ ತೋಟದ ಮನೆಗಳಿಂದ ಆಗಾಗ ಒಂದೊಂದು ಬರುತ್ತೆ, ಬಂದದ್ರಲ್ಲಿ ಜಾಸ್ತಿ ನಿಮ್ಮದೇ ಕಥೆ. ಮೊದ್ಲು ಸದ್ದು ಯಾವಾಗ ಬರುತ್ತೆ ಅನ್ನೋದನ್ನ ಸರಿಯಾಗಿ ಕೇಳಿಸ್ಕೊಳ್ಳಿ, ಪಾರ್ಟಿನ ಮಾತು ಆಮೇಲೆ.

ಬೆಳಿಗ್ಗೆ ತೆಗೆದಾಗ ಶರ್ರ್ ಅಂದು ನಾಲ್ಕೈದು ಸಲ ಬ್ರೇಕ್ ಒತ್ತೋದ್ರಲ್ಲಿ ಹೋಗಿಬಿಟ್ರೆ ಅದು ಬರೀ ತುಕ್ಕು. ಡಿಸ್ಕ್ ಅಂದ್ರೆ ಬೀಡು ಕಬ್ಬಿಣ ಅಲ್ವಾ, ನಮ್ಮ ಮಳೆಗೆ ಒಂದು ರಾತ್ರಿ ಸಾಕು ಕೆಂಪಾಗೋಕೆ. ಬ್ರೇಕ್ ಮುಟ್ಟದೇ ಇದ್ರೂ ಚಕ್ರ ತಿರುಗಿದ ಹಾಗೆಲ್ಲ ಕಿರ್ ಕಿರ್ ಅಂತಿದ್ರೆ ಡಿಸ್ಕಿಗೂ ಹಿಂದಿನ ತಗಡಿಗೂ ನಡುವೆ ಜಲ್ಲಿ ಚೂರು ಸಿಕ್ಕಿರ್ಬಹುದು, ಮಣ್ಣು ರಸ್ತೆ ಗಾಡಿಗಳಲ್ಲಿ ಇದು ದಿನಾ ನೋಡ್ತೀನಿ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗೆ ಗರಗರ ಅಂದ್ರೆ ಮಾತ್ರ ಪ್ಯಾಡ್ ಪೂರ್ತಿ ಮುಗಿದಿರುತ್ತೆ, ಗಾಡಿ ಅಲ್ಲೇ ನಿಲ್ಲಿಸಿ, ಓಡಿಸ್ಲೇಬೇಡಿ. ನಿಮ್ಮ ಕಾರಲ್ಲಿ ಪ್ಯಾಡ್ ಸವೆದ್ರೆ ಮೀಟರಲ್ಲಿ ಲೈಟ್ ಬರೋ ಸೆನ್ಸರ್ ಇದೆ ನಿಜ, ಆದ್ರೆ ಲೈಟ್ ಬಂದಿಲ್ಲ ಅಂತ ನಂಬ್ಕೊಂಡು ಕೂರ್ಬೇಡಿ, ಕಣ್ಣಲ್ಲಿ ನೋಡಿ.

ನಿಮ್ಮದು ಒತ್ತಿದಾಗ ಮಾತ್ರ ಬರೋ ಸದ್ದು. ಪ್ಯಾಡು ಡಿಸ್ಕನ್ನ ಹಿಡಿಯೋದು ಬಿಡೋದು ಹಿಡಿಯೋದು ಬಿಡೋದು ಸೆಕೆಂಡಿಗೆ ಸಾವಿರಾರು ಸಲ ನಡೀತಿರುತ್ತೆ, ಆ ನಡುಕಕ್ಕೆ ಡಿಸ್ಕ್ ಜಾಗಟೆ ಥರ ಮೊಳಗುತ್ತೆ. ಜಾಗಟೆ ಬಾರಿಸಿ ಅಂಚನ್ನ ಕೈಯಲ್ಲಿ ಹಿಡಿದ್ರೆ ಸದ್ದು ಹೇಗೆ ಸತ್ತು ಹೋಗುತ್ತೋ ಅದೇ ಕೆಲಸ ಮಾಡೋಕೆ ಅಂತ ನಿಮ್ಮ ಕ್ಯಾಲಿಪರಲ್ಲಿ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಇಕ್ಕಳದಂಥ ಭಾಗ) ಒತ್ತೋ ಪಿಸ್ಟನ್ನಿಗೂ ಪ್ಯಾಡಿನ ಬೆನ್ನಿಗೂ ಮಧ್ಯೆ ಅಂಟು ಇರೋ ಡ್ಯಾಂಪರ್ ಕೊಟ್ಟಿರ್ತಾರೆ. ಅದು ಕಿತ್ತು ಬಂದ್ರೆ, ಇಲ್ಲಾ ಹಿಂದೆ ಯಾರಾದ್ರೂ ಪ್ಯಾಡ್ ಬದಲಿಸುವಾಗ ಬಿಸಾಡಿದ್ರೆ, ಎಷ್ಟು ಒಳ್ಳೆ ಪ್ಯಾಡ್ ಹಾಕಿದ್ರೂ ಕಿರುಚೋದೇ ಜಾಸ್ತಿ.

ಹೋದ ವರ್ಷ ದಸರಾ ಮುಗಿದ ವಾರ ಕೊಪ್ಪದ ಕಡೆಯಿಂದ ಇಂಥದ್ದೇ ಗಾಡಿ ಬಂತು, ಅದೂ ನಾಲ್ಕು ತಿಂಗಳು ನಿಂತಿದ್ದೇ. ಮುಂದಿನ ಬಲಗಡೆ ಚಕ್ರ ಬಿಚ್ಚಿದ್ರೆ ಕ್ಯಾಲಿಪರ್ ಒಳಗೆ ಕೆಮ್ಮಣ್ಣು ಒಣಗಿ ಇಟ್ಟಿಗೆ ಥರ ಆಗಿತ್ತು, ಡಿಸ್ಕ್ ಮೇಲೆ ಪ್ಯಾಡ್ ಕೂತಿದ್ದ ಜಾಗದಲ್ಲಿ ಅದರದ್ದೇ ಆಕಾರದ ಕಪ್ಪು ಅಚ್ಚು, ಡಿಸ್ಕಿನ ತೂತುಗಳು ಅರ್ಧಕ್ಕರ್ಧ ಮುಚ್ಚಿಹೋಗಿದ್ವು. ಹೊರಗಿನ ಪ್ಯಾಡ್ 8 ಮಿಲಿಮೀಟರ್, ಒಳಗಿಂದು 4. ಯಾಕಂದ್ರೆ ಒಳಗಿನ ಪ್ಯಾಡಿನ ಕಿವಿಗಳು, ಅಂದ್ರೆ ಎರಡು ತುದೀಲಿ ಚಾಚ್ಕೊಂಡಿರೋ ಭಾಗ, ತುಕ್ಕು ಹಿಡಿದು ಕ್ಯಾಲಿಪರಿನ ಸ್ಲಾಟಲ್ಲಿ ಕಚ್ಕೊಂಡಿದ್ವು, ಬ್ರೇಕ್ ಬಿಟ್ರೂ ಅದು ವಾಪಸ್ ಸರೀತಿರಲಿಲ್ಲ, ಓಡಿದಷ್ಟು ದೂರಾನೂ ಉಜ್ತಾನೇ ಇತ್ತು. ಡಿಸ್ಕನ್ನ ಮೈಕ್ರೋಮೀಟರಲ್ಲಿ ಅಳೆದೆ, ಅದರ ಮೇಲೇ ಕನಿಷ್ಠ ದಪ್ಪ ಕೊರೆದಿರ್ತಾರೆ, ಅದಕ್ಕಿಂತ ಚೆನ್ನಾಗೇ ಇತ್ತು, ಬಿರುಕೂ ಇರ್ಲಿಲ್ಲ. ಮುಂದಿನ ಎರಡೂ ಚಕ್ರಕ್ಕೆ ಹೊಸ ಪ್ಯಾಡು, ಹೊಸ ಡ್ಯಾಂಪರ್ರು, ಬೆಂಗಳೂರಿಂದ ಬಸ್ ಪಾರ್ಸಲ್ಲಲ್ಲಿ ತರಿಸಿ ಹಾಕಿದ್ದು ಅಷ್ಟೇ, ಡಿಸ್ಕು ಹಳೇದೇ, ಹಿಂದಿನ ಚಕ್ರದಲ್ಲಿ ಬರೀ ಕ್ಲೀನಿಂಗು. ಸದ್ದು ಹೋಯ್ತು.

ನೀವೂ ಹಾಗೇ ಶುರು ಮಾಡಿ. ಹತ್ತು ಕಿಲೋಮೀಟರ್ ಆದಷ್ಟು ಬ್ರೇಕ್ ಕಮ್ಮಿ ಬಳಸಿ ಓಡಿಸಿ ಬನ್ನಿ, ನಿಲ್ಲಿಸಿ ನಾಲ್ಕೂ ಚಕ್ರದ ಹತ್ರ ಕೈ ಹಿಡೀರಿ, ಮುಟ್ಟಬೇಡಿ ಸುಡುತ್ತೆ, ಯಾವ್ದೋ ಒಂದು ಮಾತ್ರ ಕಾದಿದ್ರೆ ಕಚ್ಕೊಂಡಿರೋದು ಅಲ್ಲೇ. ಆಮೇಲೆ ಗಾಡಿ ಎತ್ತಿ ಕೆಳಗೆ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬಿ ಕೆಳಗೆ ಕೈ ಹಾಕ್ಬೇಡಿ. ನಿಮ್ಮದು ಫಿಕ್ಸೆಡ್ ಕ್ಯಾಲಿಪರ್, ಅಂದ್ರೆ ಅದು ಅತ್ತಿತ್ತ ಸರಿಯಲ್ಲ, ಪಿನ್ನು ಸ್ಪ್ರಿಂಗು ತೆಗೆದ್ರೆ ಪ್ಯಾಡ್ ಹೊರಗೆ ಬರುತ್ತೆ, ಡ್ಯಾಂಪರ್ ಅಂಟ್ಕೊಂಡಿರೋದ್ರಿಂದ ತಾಳ್ಮೆ ಬೇಕು. ಪಿಸ್ಟನ್ ಹಿಂದಕ್ಕೆ ತಳ್ಳುವಾಗ ಬ್ರೇಕ್ ಆಯಿಲ್ ಡಬ್ಬಿ ಮೇಲೆ ಒಂದು ಕಣ್ಣಿರಲಿ, ಉಕ್ಕಿ ಪೇಂಟ್ ಮೇಲೆ ಬಿದ್ರೆ ಪೇಂಟ್ ಎದ್ದು ಬರುತ್ತೆ. ಸ್ಲಾಟನ್ನ ವೈರ್ ಬ್ರಷಲ್ಲಿ ಉಜ್ಜಿ ಬ್ರೇಕ್ ಕ್ಲೀನರ್ ಹೊಡೀರಿ, ಏರ್ ಹಿಡಿದು ಊದ್ಬೇಡಿ ಆ ಧೂಳು ಪುಪ್ಪಸಕ್ಕೆ ಕೆಟ್ಟದ್ದು. ಪ್ಯಾಡ್ ಬೆರಳಲ್ಲಿ ತಳ್ಳಿದ್ರೆ ಸಲೀಸಾಗಿ ಜಾರ್ಬೇಕು. ಕಿವಿಗಳಿಗೆ ಮಾತ್ರ ತೆಳ್ಳಗೆ ಸೆರಾಮಿಕ್ ಬ್ರೇಕ್ ಗ್ರೀಸ್. ಮಾಮೂಲಿ ಗ್ರೀಸ್ ರಬ್ಬರಿಗೆ ತಾಗಿದ್ರೆ ರಬ್ಬರ್ ಊದ್ಕೊಳ್ಳುತ್ತೆ.

ಇನ್ನೊಂದು, ಇದು ಕೈ ಮುಗಿದು ಹೇಳ್ತೀನಿ: ಸದ್ದು ನಿಲ್ಲಲಿ ಅಂತ ಡಿಸ್ಕಿಗಾಗ್ಲಿ ಪ್ಯಾಡಿನ ಉಜ್ಜೋ ಮುಖಕ್ಕಾಗ್ಲಿ ಎಣ್ಣೆ, ಸ್ಪ್ರೇ ಏನನ್ನೂ ಹಾಕ್ಬೇಡಿ. ಸದ್ದಿನ ಜೊತೆ ಬ್ರೇಕೂ ಹೋಗುತ್ತೆ.

ಪ್ಯಾಡ್ ದಪ್ಪ ಇದ್ದೂ ಮುಖ ಗಾಜಿನ ಥರ ಹೊಳೀತಿದ್ರೆ ಅದು ಘಾಟಿ ಇಳಿದ ಕಾವಿಗೆ ಆಗಿದ್ದು. ಎಮರಿ ಪೇಪರ್ ಸಮತಟ್ಟು ಜಾಗದಲ್ಲಿಟ್ಟು ಮಾಸ್ಕ್ ಹಾಕ್ಕೊಂಡು ಹಗುರಕ್ಕೆ ಉಜ್ಜಿ ಆ ಹೊಳಪು ತೆಗೆದ್ರೆ ಸಾಕು. ಆಮೇಲೆ ಬೆಳಿಗ್ಗೆ ಬೇಗ ಖಾಲಿ ರಸ್ತೇಲಿ 80ರಿಂದ 20ಕ್ಕೆ ಎಂಟು ಹತ್ತು ಸಲ ಗಟ್ಟಿಯಾಗಿ ಇಳಿಸಿ, ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿ ಹಿಡೀಬೇಡಿ ಕಾದ ಪ್ಯಾಡಿನ ಅಚ್ಚು ಬೀಳುತ್ತೆ, ಹತ್ತು ನಿಮಿಷ ಸುಮ್ನೆ ಓಡಿಸಿ ಆರಿಸಿ. ಹಿಂದಿನ ಓನರ್ ರೇಸ್ ಟ್ರ್ಯಾಕ್ ಪ್ಯಾಡ್ ಹಾಕಿದ್ರೆ ಮಾತ್ರ ಇದ್ಯಾವುದೂ ಕೆಲಸ ಮಾಡಲ್ಲ, ಅವು ತಣ್ಣಗಿದ್ದಾಗ ಕಿರುಚೋದೇ, ರಸ್ತೆ ಪ್ಯಾಡ್ ಹಾಕಿಸ್ಬೇಕು.

ಆಗುಂಬೆ ಇಳಿಯುವಾಗ ಹದಿನಾಲ್ಕು ತಿರುವೂ ಬ್ರೇಕ್ ಮೇಲೇ ಕಾಲಿಟ್ಟು ಇಳೀಬೇಡಿ, ಎರಡನೇ ಗೇರಲ್ಲಿ ಇಂಜಿನ್ನೇ ಹಿಡ್ಕೊಳ್ಳಲಿ. ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ರೆ ಬದಲಿಸ್ಬಿಡಿ, ಡಾಟ್ 4 ದರ್ಜೆಯ ಆಯಿಲ್ ಹೊಸದು ಅಂದ್ರೆ ಕನಿಷ್ಠ 230 ಡಿಗ್ರಿ ತನಕ ಕುದಿಯಲ್ಲ, ತೇವ ಎಳ್ಕೊಂಡ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತೆ, ನಮ್ಮ ಹವೆಯಲ್ಲಿ ತೇವಕ್ಕೇನು ಬರಾನಾ. ಮುಂದಿನ ಮಳೆಗಾಲಕ್ಕೆ ಗಾಡಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ, ಗೇರಲ್ಲಿ ಹಾಕಿ ಚಕ್ರಕ್ಕೆ ಕಲ್ಲು ಕೊಡಿ, ಹದಿನೈದು ದಿನಕ್ಕೊಮ್ಮೆ ಸ್ವಲ್ಪ ದೂರ ಓಡಿಸಿ, ಬ್ರೇಕ್ ಒಣಗಿದ ಮೇಲೇ ಶೆಡ್ಡಿಗೆ ಹಾಕಿ.

ಚಕ್ರ ಬಿಚ್ಚಿದಾಗ ಒಳಗಿನ ಪ್ಯಾಡಿನದ್ದೂ ಹೊರಗಿನದ್ದೂ ಪಕ್ಕಪಕ್ಕ ಸ್ಕೇಲ್ ಇಟ್ಟು ಫೋಟೋ ಹಾಕಿ, ಡಿಸ್ಕ್ ಅಂಚಿಂದೂ ಒಂದು ಇರಲಿ, ನೋಡಿ ಹೇಳ್ತೀನಿ.