ಹಳೇ ಮ್ಯಾಸಿ ಫರ್ಗುಸನ್ 35 ಟ್ರ್ಯಾಕ್ಟರಿನ ಎಂಜಿನ್ ಇಳಿಸುವಾಗ ಏನನ್ನು ಗಮನಿಸಬೇಕು?
ಈ ಗಾಡಿಗೆ ಬೇರೆ ಚಾಸಿ ಇಲ್ಲ. ಮುಂದಿನ ಆಕ್ಸಲ್, ಎಂಜಿನ್, ಗೇರ್‌ಬಾಕ್ಸ್ ಒಂದಕ್ಕೊಂದು ಬೋಲ್ಟ್ ಆಗಿ ನಿಂತಿವೆ, ಅಂದರೆ ಎಂಜಿನ್ನೇ ನಡುಬೆನ್ನು. ಹಾಗಾಗಿ ಬೋಲ್ಟ್ ಮುಟ್ಟುವ ಮೊದಲೇ ಆಕ್ಸಲ್ ಮತ್ತು ಅದರ ಮೇಲಿನ ಬ್ರಾಕೆಟ್ ನಡುವೆ ಎರಡೂ ಕಡೆ ಮರದ ಬೆಣೆ ಬಿಗಿಯಾಗಿ ಹೊಡೆಯಿರಿ. ಆಕ್ಸಲ್ ನಡುವಿನ ಪಿನ್ ಮೇಲೆ ತೂಗುವುದರಿಂದ, ಬೆಣೆ ಇಲ್ಲದಿದ್ದರೆ ಗೇರ್‌ಬಾಕ್ಸ್‌ನಿಂದ ಬಿಟ್ಟ ಕ್ಷಣವೇ ಮುಂಭಾಗ ಪಕ್ಕಕ್ಕೆ ಮಗುಚುತ್ತದೆ. ಪ್ರಾಣಕ್ಕೇ ಅಪಾಯ, ದಯವಿಟ್ಟು ಇದನ್ನು ಬಿಡಬೇಡಿ. ಗೇರ್‌ಬಾಕ್ಸ್ ಅಡಿ ಗಟ್ಟಿ ಸ್ಟ್ಯಾಂಡ್, ಎಂಜಿನ್‌ಗೆ ಚೈನ್ ಪುಲ್ಲಿ ಇರಲಿ.

ಬ್ಯಾಟರಿ, ನೀರು, ಆಯಿಲ್, ಡೀಸೆಲ್ ಪೈಪು, ಸ್ಟೇರಿಂಗ್ ರಾಡುಗಳನ್ನು ಮೊದಲೇ ಬಿಚ್ಚಿ.

3 ಸಿಲಿಂಡರ್ ಪರ್ಕಿನ್ಸ್ ಎಂಜಿನ್ನಿನ ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಡ್ರೈ, ಅಂದರೆ ಅದಕ್ಕೆ ನೀರು ನೇರವಾಗಿ ತಾಗುವುದಿಲ್ಲ, ಬ್ಲಾಕಿಗೆ ಬಿಗಿಯಾಗಿ ಕೂತಿರುತ್ತದೆ. ಸುತ್ತಿಗೆ ಬೇಡ, ಪ್ರೆಸ್‌ನಲ್ಲೇ ತೆಗೆಸಿ. ಕ್ರ್ಯಾಂಕ್ ಜರ್ನಲ್ಲನ್ನು (ಕ್ರ್ಯಾಂಕ್‌ಶಾಫ್ಟಿನಲ್ಲಿ ಬೇರಿಂಗ್ ಕೂರುವ ದುಂಡು ಭಾಗ) ಮೈಕ್ರೋಮೀಟರ್‌ನಲ್ಲಿ ಎರಡು ದಿಕ್ಕಿನಿಂದ ಅಳೆದು, ಅಂಡಾಕಾರ ಆಗಿದ್ದರೆ ಗ್ರೈಂಡ್ ಮಾಡಿಸಿದ ಮೇಲೆಯೇ ಬೇರಿಂಗ್ ಸೈಜ್ (10, 20, 30, ಅಂದರೆ ಜರ್ನಲ್ ಇಂಚಿನ ಸಾವಿರದಲ್ಲಿ ಎಷ್ಟು ಭಾಗ ಸಣ್ಣದಾಗಿದೆ ಎಂಬ ಲೆಕ್ಕ) ನೋಡಿ ಕೊಳ್ಳಿ.

ಮರುಜೋಡಣೆಯಲ್ಲಿ ಕೆಡುವುದು ಹೆಚ್ಚಾಗಿ ಕ್ಲಚ್. ಡ್ಯುಯಲ್ ಕ್ಲಚ್ (ಗಾಲಿಗೆ ಒಂದು, ಹಿಂದಿನ ಪಿಟಿಒ ಶಾಫ್ಟಿಗೆ ಒಂದು ಪ್ಲೇಟ್) ಇದ್ದರೆ ಎರಡೂ ಪ್ಲೇಟನ್ನು ಸೆಂಟರ್ ಮಾಡಿ. ಕೊನೆಯಲ್ಲಿ ಎಂಜಿನ್, ಗೇರ್‌ಬಾಕ್ಸ್ ನಡುವೆ ಸಂದಿ ಉಳಿದರೆ ಬೋಲ್ಟ್ ಬಿಗಿದು ಎಳೆಯಬೇಡಿ, ಪ್ಲೇಟ್ ಸೊಟ್ಟಗಾಗುತ್ತದೆ ಇಲ್ಲವೇ ಹೌಸಿಂಗ್ ಬಿರುಕು ಬಿಡುತ್ತದೆ. ಫ್ಲೈವೀಲನ್ನು ಸ್ವಲ್ಪ ಸ್ವಲ್ಪ ತಿರುಗಿಸಿ, ಗೇರ್‌ಬಾಕ್ಸ್ ಶಾಫ್ಟಿನ ಹಲ್ಲು ಕ್ಲಚ್ ಪ್ಲೇಟಿಗೆ ಹೊಂದಿದಾಗ ತಾನೇ ಒಳಗೆ ಸರಿಯುತ್ತದೆ.