ಚನ್ನಪಟ್ಟಣದಲ್ಲಿ ನಮ್ಮದೊಂದು ಸಣ್ಣ ಗೊಂಬೆ ಘಟಕ ಇದೆ. ನಾವೇ ನೇರವಾಗಿ ವಿದೇಶಕ್ಕೆ ಕಳಿಸಬಹುದಾ?

ಧಾರಾಳವಾಗಿ. ರಫ್ತಿಗೆ ಬೇಕಾದ ಐಇಸಿ (ಆಮದು-ರಫ್ತು ಕೋಡ್) ನಂಬರ್ ಮಾಡಿಸಿಕೊಡಲು ಏಜೆಂಟರು ಹದಿನೈದು ಸಾವಿರ ಕೇಳಿದರು ಅಂತ ಬರೆದಿದ್ದೀರಲ್ಲ, ಮೊದಲು ಅವರಿಗೆ ಕೈಮುಗಿದು ಕಳಿಸಿಬಿಡಿ. ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ನಿರ್ದೇಶನಾಲಯದ (ಡಿಜಿಎಫ್‌ಟಿ) ಜಾಲತಾಣದಲ್ಲಿ ಪ್ಯಾನ್, ಬ್ಯಾಂಕ್ ಖಾತೆ ವಿವರ ಕೊಟ್ಟು 500 ರೂಪಾಯಿ ಕಟ್ಟಿದರೆ ಮನೆಯಲ್ಲೇ ಕೂತು ಮಾಡಿಕೊಳ್ಳಬಹುದು. ಏನೂ ಬದಲಾಗದಿದ್ದರೂ ಪ್ರತಿವರ್ಷ ಏಪ್ರಿಲ್-ಜೂನ್ ಒಳಗೆ ಅಪ್‌ಡೇಟ್ ಮಾಡಲು ಮರೆಯಬೇಡಿ. ಜಿಎಸ್‌ಟಿ ಪೋರ್ಟಲಿನಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ತೆರಿಗೆ ಕಟ್ಟದೆ ರಫ್ತು ಮಾಡಬಹುದು, ಅದೂ ವರ್ಷವರ್ಷ ಹೊಸದು. ಕಾಗದಪತ್ರದಿಂದ ಯಾರ ವ್ಯಾಪಾರವೂ ಕೆಟ್ಟದ್ದು ನಾನು ಕಂಡಿಲ್ಲ.

ನಮ್ಮ ವ್ಯಾಪಾರ ಕೆಟ್ಟಿದ್ದು ಒಂದು ಗೂಟದಿಂದ. ನಮ್ಮದೂ ನಾಲ್ಕು ಲೇತಿನ ಘಟಕ. ಜರ್ಮನಿಯವರೊಬ್ಬರು ಮಕ್ಕಳು ಎಳೆದಾಡುವ ಬಂಡಿಗೆ ಆರ್ಡರ್ ಕೊಟ್ಟರು. ಆಲೆಮರ, ಅರಗು, ಅರಿಶಿನದ ಬಣ್ಣ, ತಾಳೆಗರಿಯ ಹೊಳಪು, ಇದರಲ್ಲಿ ವಿಷ ಎಲ್ಲಿಂದ ಬರಬೇಕು ಅಂತ ಎದೆಯುಬ್ಬಿಸಿಕೊಂಡು ಪೂರ್ತಿ 600 ಬಂಡಿ ಕಡೆದುಬಿಟ್ಟೆವು. ಆಮೇಲೆ ಸ್ಯಾಂಪಲ್ ಲ್ಯಾಬಿಗೆ ಹೋಯಿತು. ಬಣ್ಣ ಪಾಸು, ಚಕ್ರ ಫೇಲು!

ಯುರೋಪಿನ ಆಟಿಕೆ ಸುರಕ್ಷತೆಯ ಇಎನ್ 71 ಮಾನದಂಡದಲ್ಲಿ, ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಚಕ್ರವನ್ನು 90 ನ್ಯೂಟನ್ ಬಲದಿಂದ, ಅಂದರೆ ಸುಮಾರು 9 ಕೆಜಿ ತೂಗುಹಾಕಿದ ಹಾಗೆ, ಎಳೆದು ನೋಡುತ್ತಾರೆ. ಕಳಚಿಬಂದ ತುಂಡು 31.7 ಮಿ.ಮೀ. ಅಗಲದ ಸಿಲಿಂಡರಿನೊಳಗೆ ಪೂರ್ತಿ ಕೂತರೆ ಮಗುವಿನ ಗಂಟಲಿಗೂ ಇಳಿದೀತು ಅಂತ ಲೆಕ್ಕ. ಚಕ್ರ ಹಿಡಿದಿಡುವ ನಮ್ಮ ಗೂಟ ಕಳಚಿಬಂದು ಅದರೊಳಗೆ ಕೂತಿತು. ಮಳೆಗಾಲದಲ್ಲಿ ಅರ್ಧಂಬರ್ಧ ಒಣಗಿದ ಮರ ಕಡೆದಿದ್ದೆವು, ಒಣಹವೆಯ ಕೋಣೆಯಲ್ಲಿ ಅದು ಕುಗ್ಗಿ ಗೂಟ ಸಡಿಲವಾಗಿತ್ತು. ಎಲ್ಲ ಬಿಚ್ಚಿ ಮತ್ತೆ ಕೂರಿಸುವ ಹೊತ್ತಿಗೆ ಕ್ರಿಸ್‌ಮಸ್ ಸೀಸನ್ ಮುಗಿದುಹೋಯಿತು, ಆರ್ಡರೂ ಹೋಯಿತು. ಹಾಗಾಗಿ ಹತ್ತು ಗೊಂಬೆ ಮಾಡಿ, ಪರೀಕ್ಷೆ ಮಾಡಿಸಿ, ರಿಪೋರ್ಟ್ ಕೈಗೆ ಬಂದ ಮೇಲೆ ಉಳಿದದ್ದಕ್ಕೆ ಲೇತ್ ತಿರುಗಿಸಿ. ಲ್ಯಾಬಿನ ಖರ್ಚನ್ನು ಬೆಲೆಯಲ್ಲೇ ಸೇರಿಸಿ, ಸಂಕೋಚ ಬೇಡ.

ದುಡ್ಡಿನ ವಿಷಯ: ಗುರುತಿಲ್ಲದ ಗಿರಾಕಿಯಾದರೆ ಅರ್ಧ ಮುಂಗಡ, ಉಳಿದದ್ದು ಸರಕು ಹೊರಡುವ ಮುಂಚೆ. ಎಲ್‌ಸಿ, ಅಂದರೆ ಗಿರಾಕಿಯ ಬ್ಯಾಂಕೇ ಹಣಕ್ಕೆ ಭರವಸೆ ಕೊಡುವ ಪತ್ರ, ಭದ್ರವೇನೋ ಹೌದು, ಆದರೆ ಚಿಕ್ಕ ಆರ್ಡರಿನಲ್ಲಿ ಬ್ಯಾಂಕಿನ ಚಾರ್ಜೇ ಲಾಭ ನುಂಗುತ್ತೆ. ಮೊದಲ ಒಂದೆರಡು ಪೆಟ್ಟಿಗೆಗೆ ಹಡಗು, ಕಂಟೇನರ್ ಅಂತ ತಲೆಕೆಡಿಸಿಕೊಳ್ಳಬೇಡಿ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರದ ಮೂಲಕವೇ ಕಳಿಸಬಹುದು. ಮುಂದೆ ಮರದ ಪ್ಯಾಲೆಟ್ ಮೇಲೆ ಕಳಿಸುವ ಕಾಲ ಬಂದಾಗ, ಹುಳ ಸಾಯಲು ಶಾಖ ಕೊಟ್ಟು ಮುದ್ರೆ ಒತ್ತಿದ ಪ್ಯಾಲೆಟ್ಟನ್ನೇ ಕೊಳ್ಳಿ. ಗೊಂಬೆ ಪಾಸಾಗಿ ಪ್ಯಾಲೆಟ್ ಫೇಲಾದರೂ ಸರಕು ಬಂದರಿನಲ್ಲೇ ಕೂರುತ್ತೆ.