ಜೋನಿಬೆಲ್ಲ ಮಂದವಾದರೆ ಸಾಂದ್ರತೆ ಹೆಚ್ಚಿತೇ?

ಪ್ರಶ್ನೆ: ಚಳಿಗಾಲದ ಬೆಳಿಗ್ಗೆ ದೋಸೆಗೆ ಹಾಕಿಕೊಳ್ಳಲು ಹೋದರೆ ಜೋನಿಬೆಲ್ಲ ಡಬ್ಬಿಯಿಂದ ಇಳಿಯುವುದೇ ಇಲ್ಲ. ‘ಸಾಂದ್ರತೆ ಹೆಚ್ಚಾಗಿದೆ’ ಎಂದೆ. ಮಗಳು ‘ಅಲ್ಲಮ್ಮ, ಸ್ನಿಗ್ಧತೆ’ ಎಂದಳು. ಯಾರದು ಸರಿ?
– ಓದುಗರೊಬ್ಬರು, ಶಿರಸಿ

ಉತ್ತರ: ಮಗಳದ್ದೇ ಸರಿ. ಆಡುಮಾತಿನಲ್ಲಿ ‘ಮಂದ’, ‘ಗಟ್ಟಿ’ ಎಂಬ ಮಾತುಗಳನ್ನು ಎರಡಕ್ಕೂ ಬಳಸುತ್ತೇವೆ, ಗೊಂದಲ ಹುಟ್ಟುವುದು ಅಲ್ಲೇ. ಸಾಂದ್ರತೆ ಎಂದರೆ ಏಕಮಾನ ಗಾತ್ರದಲ್ಲಿರುವ ದ್ರವ್ಯರಾಶಿ. ಸ್ನಿಗ್ಧತೆ ಎಂದರೆ ದ್ರವದ ಒಂದು ಪದರ ಪಕ್ಕದ ಪದರದ ಮೇಲೆ ಜಾರುವುದಕ್ಕೆ ಇರುವ ತಡೆ, ಏಕಮಾನ ಪ್ಯಾಸ್ಕಲ್-ಸೆಕೆಂಡ್. ತೆಂಗಿನೆಣ್ಣೆಯ ಸ್ನಿಗ್ಧತೆ ನೀರಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚು, ಆದರೂ ಎಣ್ಣೆ ನೀರಿನ ಮೇಲೆ ತೇಲುತ್ತದೆ. ಏಕೆಂದರೆ ಅದರ ಸಾಂದ್ರತೆ ಮಿಲಿಲೀಟರಿಗೆ ಸುಮಾರು 0.92 ಗ್ರಾಂ ಮಾತ್ರ. ಪಾದರಸದ ಸಾಂದ್ರತೆ 13.6, ಸ್ನಿಗ್ಧತೆಯೋ, ನೀರಿನ ಒಂದೂವರೆ ಪಟ್ಟು ಅಷ್ಟೇ!

ಚಳಿಗೆ ಜೋನಿಯ ಸ್ನಿಗ್ಧತೆ ಹಲವು ಪಟ್ಟು ಏರುತ್ತದೆ. ಸಾಂದ್ರತೆ ನೂರಕ್ಕೆ ಒಂದು ಪಾಲಿನಷ್ಟು ಬದಲಾದರೆ ಹೆಚ್ಚು.

ಮನೆಯಲ್ಲೇ ಅಳೆದು ನೋಡಿ. 200 ಮಿಲಿಲೀಟರಿನ ಗಾಜಿನ ಬಾಟಲಿಯ ಕುತ್ತಿಗೆಗೆ ಗುರುತು ಹಾಕಿ, ಖಾಲಿ ಬಾಟಲಿಯನ್ನು ತೂಗಿ. ಗುರುತಿನವರೆಗೆ ನೀರು ತುಂಬಿ ತೂಗಿ, ಆಮೇಲೆ ಒಣಗಿಸಿ ಜೋನಿ ತುಂಬಿ ತೂಗಿ. ಬಾಟಲಿ 150, ನೀರಿನೊಂದಿಗೆ 350, ಜೋನಿಯೊಂದಿಗೆ 430 ಗ್ರಾಂ ಬಂತೆನ್ನಿ: 280ನ್ನು 200ರಿಂದ ಭಾಗಿಸಿದರೆ 1.4. ಲೆಕ್ಕ ಕೆಡಿಸುವುದು ಗಾಳಿಗುಳ್ಳೆ. ಗುಳ್ಳೆ ಜಾಗ ಹಿಡಿಯುತ್ತದೆ, ತೂಗುವುದಿಲ್ಲ. ಉತ್ತರ ಕಡಿಮೆ ಬರುತ್ತದೆ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟರೆ ಗುಳ್ಳೆ ಮೇಲೇರಿ ಹೋಗುತ್ತವೆ. ಪೂರ್ತಿ ಆರಿದ ಮೇಲೆ ಜೋನಿ ಗುರುತಿಗಿಂತ ಕೆಳಗಿಳಿದಿರುತ್ತದೆ, ಅಷ್ಟನ್ನು ತುಂಬಿಯೇ ತೂಗಬೇಕು.

ಸ್ನಿಗ್ಧತೆಗೆ ಬೇಕಾದದ್ದು ತಕ್ಕಡಿಯಲ್ಲ, ಗಡಿಯಾರ. ಅದೇ ಜೋನಿ, ಅದೇ ಲಾಳಿಕೆ, ಅದೇ ಅಳತೆ: ತಣ್ಣಗಿದ್ದಾಗ ಇಳಿಯಲು ಎಷ್ಟು ಸೆಕೆಂಡ್, ಬೆಚ್ಚಗಿದ್ದಾಗ ಎಷ್ಟು ಎಂದು ಬರೆದಿಡಿ. ಜೋನಿಯನ್ನು ಎಣ್ಣೆಯೊಂದಿಗೆ ಹೀಗೆ ಹೋಲಿಸಬೇಡಿ. ದ್ರವವನ್ನು ಕೆಳಗೆ ಎಳೆಯುವುದು ಅದರ ತೂಕವೇ ಆದ್ದರಿಂದ ಅಲ್ಲಿ ಸಾಂದ್ರತೆಯೂ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಸಾಪೇಕ್ಷ ಸಾಂದ್ರತೆಗೆ ಏಕಮಾನ ಏಕಿಲ್ಲ?
– ವಿದ್ಯಾರ್ಥಿ, ಕಾರವಾರ

ಉತ್ತರ: ಅದು ವಸ್ತುವಿನ ಸಾಂದ್ರತೆಗೂ ನೀರಿನ ಸಾಂದ್ರತೆಗೂ ಇರುವ ಅನುಪಾತ, ಭಾಗಿಸುವಾಗ ಏಕಮಾನ ಹೊಡೆದುಹೋಗುತ್ತದೆ. ಸಮುದ್ರದ ನೀರಿಗೆ ಇದು ಸುಮಾರು 1.025. ಹಾಗಾಗಿ ಕಡಲಿನಿಂದ ಕಾಳಿ ನದಿಯ ಸಿಹಿನೀರಿಗೆ ಬಂದ ದೋಣಿ, ಹೊರೆ ಅಷ್ಟೇ ಇದ್ದರೂ, ಗಾತ್ರದಲ್ಲಿ ನೂರಕ್ಕೆ ಎರಡೂವರೆ ಪಾಲು ಹೆಚ್ಚು ನೀರನ್ನು ಸರಿಸುವಷ್ಟು ಕೆಳಗೆ ಕೂರುತ್ತದೆ.